ಕಿರ್ಗಿಸ್ ಜನರು ತಾವಾಗಿಯೇ ರಷ್ಯವನ್ನು ಸೇರಿದರೇ?

ಪ್ರಶ್ನೆ: ಮಧ್ಯ ಏಷ್ಯದ ಕಿರ್ಗಿಸ್ ಜನರು ಯುದ್ಧವಿಲ್ಲದೆ, ತಾವಾಗಿಯೇ ರಷ್ಯವನ್ನು ಸೇರಿದರೆಂದು ಓದಿದ್ದೇನೆ. ಹಾಗಿದ್ದರೆ 1916ರಲ್ಲಿ ಅದೇ ರಷ್ಯದ ವಿರುದ್ಧ ಅವರು ದಂಗೆಯೆದ್ದದ್ದೇಕೆ?

ಉತ್ತರ: ‘ಸ್ವಇಚ್ಛೆಯ ಸೇರ್ಪಡೆ’ ಎಂಬುದು ಸೋವಿಯತ್ ಕಾಲದ ಇತಿಹಾಸಕಾರರು ರೂಢಿಗೆ ತಂದ ಮಾತು. ಅದು ಪೂರ್ತಿ ಸುಳ್ಳಲ್ಲ. ಆದರೆ ಒಂದು ಕುಲವು ಪ್ರಾಣಸಂಕಟದಲ್ಲಿ ಕೈಗೊಂಡ ತೀರ್ಮಾನವನ್ನು ಇಡೀ ಜನಾಂಗದ ಒಪ್ಪಿಗೆಯೆಂದು ಅದು ಹಿಗ್ಗಿಸಿ ಹೇಳುತ್ತದೆ.

ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಕಿರ್ಗಿಸರಿಗೆಲ್ಲ ಒಬ್ಬನೇ ಅರಸನಿರಲಿಲ್ಲ. ‘ಮನಪ್’ ಎನಿಸಿಕೊಂಡ ಕುಲನಾಯಕರು ತಂತಮ್ಮ ಹುಲ್ಲುಗಾವಲುಗಳನ್ನು ಆಳುತ್ತಿದ್ದರು. ಅವರ ಮೇಲೆ ನೆರೆಯ ಕೊಕಂದ್ ರಾಜ್ಯದ ಖಾನರ ಕೋಟೆಗಳೂ ತೆರಿಗೆಗಳೂ ಇದ್ದವು. 1847ರಲ್ಲಿ ಕಜಾಖ್ ಖಾನ ಕೆನೆಸರಿಯನ್ನು ಸೋಲಿಸಿ ಹೆಸರು ಮಾಡಿದ್ದ ಸರಿಬಗಿಶ್ ಕುಲದ ಒರ್ಮೋನ್, ಉತ್ತರದ ಕುಲಗಳನ್ನು ತನ್ನ ಅಂಕೆಗೆ ತರಲು ಹೊರಟಾಗ, ಇಸ್ಸಿಕ್-ಕುಲ್ ಸರೋವರದ ಮೂಡಣ ದಡದ ಬುಗು ಕುಲ ಅವನಿಗೆ ಎದುರು ನಿಂತಿತು. ಹಿಂಡುಗಳನ್ನು ಹೊಡೆದುಕೊಂಡು ಹೋಗಿ ಹಗೆ ತೀರಿಸಿಕೊಳ್ಳುವ, ‘ಬರಿಮ್ತ’ ಎಂಬ ತುರುಗೋಳಿನ ಪದ್ಧತಿ ಅಲ್ಲಿ ಹಿಂದಿನಿಂದಲೂ ಇತ್ತು. ಈ ಬಾರಿ ಅದು ಕುಲಯುದ್ಧವಾಗಿ ಬೆಳೆಯಿತು. ಒರ್ಮೋನ್ ಬುಗು ಜನರ ಕೈಯಲ್ಲಿ ಸತ್ತ ಮೇಲೆ ಅವನ ಮಗ ಉಮೆತಾಲಿ ಸೇಡಿಗೆ ನಿಂತನು. ತನ್ನ ನೆಲ ಉಳಿಸಿಕೊಳ್ಳಲು ಬೇರೆ ದಾರಿ ಕಾಣದ ಬುಗು ನಾಯಕ ಬೊರೊಂಬಾಯ್ ರಷ್ಯದ ಆಶ್ರಯ ಬೇಡಿದನು. 1855ರಲ್ಲಿ ಆ ಕುಲದ ಪ್ರತಿನಿಧಿ ಓಮ್ಸ್ಕ್ ನಗರದಲ್ಲಿ ನಿಷ್ಠೆಯ ಪ್ರಮಾಣ ಸ್ವೀಕರಿಸಿದನು. ‘ಸ್ವಇಚ್ಛೆ’ ಎಂಬ ಮಾತಿನ ಹಿಂದಿರುವುದು ಈ ಅಣ್ಣತಮ್ಮಂದಿರ ಜಗಳ.

ದಕ್ಷಿಣದಲ್ಲಿ ನಡೆದದ್ದು ನೇರವಾದ ದಂಡಯಾತ್ರೆ. 1876ರಲ್ಲಿ ಕೊಕಂದ್ ರಾಜ್ಯವನ್ನು ಅಳಿಸಿದ ರಷ್ಯದ ಸೇನೆ ಅಲಾಯ್ ಬೆಟ್ಟಗಳಿಗೆ ನುಗ್ಗಿದಾಗ, ಅಲ್ಲಿನ ಒಡತಿ ಕುರ್ಮನ್‌ಜಾನ್ ದತ್ಕಾಳ ಮಗ ಅಬ್ದಿಲ್ದಾಬೆಕ್ ಹೋರಾಡಿದನು. ಸೋಲು ಖಚಿತವಾದ ಮೇಲೆ, ಜನರ ಜೀವ ಉಳಿಸಲು ಅವಳು ಸಂಧಿಗೆ ಒಪ್ಪಿದಳು. ಸಂಧಿಯ ನಂತರವೂ, 1895ರಲ್ಲಿ, ಅವಳ ಇನ್ನೊಬ್ಬ ಮಗ ಕಮ್ಚಿಬೆಕ್‌ನನ್ನು ರಷ್ಯದ ಅಧಿಕಾರಿಗಳು ಗಲ್ಲಿಗೇರಿಸಿದರು. ಇದನ್ನು ಒಪ್ಪಿಗೆಯೆಂದು ಕರೆಯಲು ನನಗೆ ಮನಸ್ಸಾಗದು.

ಇನ್ನು 1916. ರಷ್ಯದಿಂದ ಬಂದ ಒಕ್ಕಲಿಗರಿಗೆ ಒಳ್ಳೆಯ ಹುಲ್ಲುಗಾವಲುಗಳು ಹಂಚಿಹೋಗಿದ್ದವು. ಅದರ ಮೇಲೆ, ಮಹಾಯುದ್ಧದ ಹಿಂಬದಿಯ ಕೂಲಿಕೆಲಸಕ್ಕೆ 19ರಿಂದ 43 ವರ್ಷದ ಗಂಡಸರು ಹೊರಡಬೇಕೆಂಬ ಚಕ್ರವರ್ತಿಯ ಆಜ್ಞೆ ಬಂದಿತು. ದಂಗೆಯೆದ್ದವರು ಒಕ್ಕಲಿಗ ಕುಟುಂಬಗಳನ್ನೂ ಕೊಂದರು. ಸೇನೆ ಊರೂರುಗಳನ್ನೇ ದಂಡಿಸಿತು. ಹೆಂಗಸರು, ಮಕ್ಕಳು, ಹಿಂಡುಗಳೊಡನೆ ಜನರು ಹಿಮದ ಕಣಿವೆದಾರಿಗಳನ್ನು ಹತ್ತಿ ಚೀನಾದತ್ತ ಗುಳೆ ಹೊರಟರು, ಮತ್ತು ಅಸಂಖ್ಯ ಮಂದಿ ಚಳಿ, ಹಸಿವು, ಗುಂಡುಗಳಿಗೆ ದಾರಿಯಲ್ಲೇ ಬಲಿಯಾದರು. ಕಿರ್ಗಿಸರು ಅದನ್ನು ‘ಉರ್ಕುನ್’ ಎನ್ನುತ್ತಾರೆ. ದಂಗೆ ಅಡಗಿದ ಮೇಲೆ ಆ ಪ್ರಾಂತ್ಯವನ್ನಾಳುತ್ತಿದ್ದ ರಷ್ಯದ ಗವರ್ನರ್-ಜನರಲ್ ಕುರೊಪಾಟ್ಕಿನ್ ಒಂದು ಯೋಜನೆ ಸಿದ್ಧಪಡಿಸಿದನು: ಇಸ್ಸಿಕ್-ಕುಲ್ ಸುತ್ತಲಿನ ನೆಲವನ್ನು ಕಿರ್ಗಿಸರಿಂದ ಕಿತ್ತು ರಷ್ಯನ್ನರಿಗೆ ಕೊಡಬೇಕು, ಕಿರ್ಗಿಸರನ್ನು ನರಿನ್ ಬೆಟ್ಟಗಳಿಗೆ ಅಟ್ಟಬೇಕು. 1917ರ ಕ್ರಾಂತಿ ಅಡ್ಡಬಂದು ಅದು ಪೂರ್ತಿಯಾಗಲಿಲ್ಲ. ಆ ನೆಲದ ಮೂಡಣ ಭಾಗವೇ, 1855ರಲ್ಲಿ ಬುಗು ಕುಲ ರಷ್ಯದ ಆಶ್ರಯ ಬೇಡಿ ಉಳಿಸಿಕೊಳ್ಳಬಯಸಿದ್ದ ನೆಲ.