ಚಿಗಟದ ಮುಕ್ಕಾಲು ಬದುಕು ಬೆಕ್ಕಿನ ಹಾಸಿಗೆಯಲ್ಲಿ

ಬೆಕ್ಕು ಬಾಲದ ಬುಡವನ್ನೋ ಕತ್ತಿನ ಸುತ್ತವನ್ನೋ ಪದೇ ಪದೇ ಕೆರೆದುಕೊಳ್ಳುತ್ತಿದ್ದರೆ, ಆ ಜಾಗವನ್ನು ಹೇನಿನ ಬಾಚಣಿಗೆಯಿಂದ ಬಾಚಿ, ಉದುರಿದ ಕಪ್ಪು ಪುಡಿಯನ್ನು ಒದ್ದೆ ಮಾಡಿದ ಬಿಳಿ ಬಟ್ಟೆಯ ಮೇಲೆ ಹಾಕಿ ನೋಡಬೇಕು. ಕಾಳಿನ ಸುತ್ತ ಕೆಂಗಂದು ಬಣ್ಣ ಹರಡಿದರೆ ಅದು ಚಿಗಟದ ಹಿಕ್ಕೆ, ಅಂದರೆ ಬಹುಪಾಲು ಬೆಕ್ಕಿನದೇ ರಕ್ತ. ಬೆಕ್ಕು ಮೈ ನೆಕ್ಕುವಾಗ ಚಿಗಟಗಳನ್ನು ನುಂಗಿಬಿಡುವುದರಿಂದ ಎಷ್ಟೋ ಸಲ ಕಣ್ಣಿಗೆ ಒಂದೂ ಬೀಳುವುದಿಲ್ಲ. ಹಿಕ್ಕೆಯೇ ನಂಬಲರ್ಹ ಗುರುತು.

ಬೆಕ್ಕನ್ನೂ ನಾಯಿಯನ್ನೂ ಕಾಡುವ ಚಿಗಟ ಹೆಚ್ಚಾಗಿ ಒಂದೇ ಪ್ರಭೇದದ್ದು: ಟೆನೊಸೆಫಾಲೈಡಿಸ್ ಫೆಲಿಸ್. ರಕ್ತ ಹೀರಿದ ಒಂದೆರಡು ದಿನಗಳಲ್ಲೇ ಹೆಣ್ಣು ಮೊಟ್ಟೆ ಇಡಲು ತೊಡಗಿ, ದಿನಕ್ಕೆ 40–50ರವರೆಗೂ ಇಡಬಲ್ಲದು. ನುಣುಪಾದ ಆ ಮೊಟ್ಟೆಗಳು ರೋಮಕ್ಕೆ ಅಂಟಿಕೊಳ್ಳದೆ, ಬೆಕ್ಕು ಮಲಗುವ ಸೋಫಾ, ಚಾಪೆ, ಮಂಚದಡಿಯ ಸಂದುಗಳಲ್ಲಿ ಉದುರುತ್ತವೆ. ಅಲ್ಲಿ ಹೊರಬರುವ ಮರಿಹುಳುಗಳು ಬೆಳಕಿಗೆ ಬೆನ್ನು ತಿರುಗಿಸಿ ನೂಲಿನ ಆಳಕ್ಕೆ ಇಳಿದು, ಮೇಲಿನಿಂದ ಉದುರುವ ಅದೇ ಹಿಕ್ಕೆಯನ್ನು ತಿಂದು ಬೆಳೆಯುತ್ತವೆ. ಬಳಿಕ ರೇಷ್ಮೆಯಂಥ ಎಳೆಯಿಂದ ಗೂಡು ಹೆಣೆದುಕೊಂಡು ಕೋಶಾವಸ್ಥೆಗೆ ಹೋಗುತ್ತವೆ. ಧೂಳು ಮೆತ್ತಿದ ಈ ಗೂಡಿಗೆ ಕೀಟನಾಶಕ ಸುಲಭವಾಗಿ ಇಳಿಯದು. ಒಳಗಿನ ಚಿಗಟ ತಿಂಗಳುಗಟ್ಟಲೆ ಕಾದಿದ್ದು, ಪ್ರಾಣಿಯ ಬಿಸಿ, ಹೆಜ್ಜೆಯ ಅದುರು, ಉಸಿರಿನ ಇಂಗಾಲದ ಡೈಆಕ್ಸೈಡ್ ತಾಗಿದೊಡನೆ ಹೊರಜಿಗಿಯುತ್ತದೆ. ಬೀಗ ಹಾಕಿದ್ದ ಮನೆಗೆ ರಜೆ ಮುಗಿಸಿ ಮರಳಿದವರ ಕಾಲಿಗೆ ಒಮ್ಮೆಲೇ ಚಿಗಟಗಳು ಮುತ್ತುವುದು ಇದೇ ಕಾರಣಕ್ಕೆ. ಬೆಕ್ಕಿನ ಮೈಮೇಲಿನ ಬಲಿತ ಚಿಗಟಗಳು ಒಟ್ಟು ಸಂಖ್ಯೆಯ ಸುಮಾರು ಶೇ. 5 ಮಾತ್ರ ಎಂಬುದು ಸಾಮಾನ್ಯ ಅಂದಾಜು.

ಆದ್ದರಿಂದ ಒಂದು ಸಲ ಔಷಧ ಹಾಕಿ, ವಾರ ಕಳೆದು ಮತ್ತೆ ಚಿಗಟ ಕಂಡಾಗ ಔಷಧ ಕೆಲಸ ಮಾಡಲಿಲ್ಲವೆಂದು ಕೈಬಿಡುವುದು ಸರಿಯಲ್ಲ. ಆಗ ಕಾಣುವುದು ಬಹುತೇಕ ಗೂಡಿನಿಂದ ಹೊಸದಾಗಿ ಎದ್ದ ಪೀಳಿಗೆ. ಫಿಪ್ರೊನಿಲ್, ಸೆಲಾಮೆಕ್ಟಿನ್ ಮೊದಲಾದ, ನಾಲಿಗೆ ಎಟುಕದಂತೆ ಕತ್ತಿನ ಹಿಂಭಾಗದ ಚರ್ಮಕ್ಕೆ ಹನಿಸುವ ಔಷಧಗಳನ್ನು ಪಶುವೈದ್ಯರು ಹೇಳಿದ ಅಂತರದಲ್ಲಿ, ಕನಿಷ್ಠ ಮೂರು ತಿಂಗಳು, ಮನೆಯ ಎಲ್ಲ ಬೆಕ್ಕು ನಾಯಿಗಳಿಗೂ ಅವುಗಳಿಗೆ ತಕ್ಕದ್ದನ್ನೇ ಆರಿಸಿ ಒಟ್ಟಿಗೆ ಹಾಕಬೇಕು. ಜೊತೆಗೆ ಹಾಸಿಗೆ ಹೊದಿಕೆಗಳನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆದು, ಸೋಫಾದ ಸಂದುಗಳನ್ನು ವ್ಯಾಕ್ಯೂಮ್ ಕ್ಲೀನರಿನಿಂದ ಎಳೆದು, ಕಸವನ್ನು ಆಗಲೇ ಹೊರಹಾಕಬೇಕು. ಮರಿಹುಳುಗಳು ಒಣಹವೆಯಲ್ಲಿ ಬದುಕಲಾರವು. ಸದಾ ತೇವವಿರುವ ಕರಾವಳಿ, ಮಲೆನಾಡುಗಳಲ್ಲಿ ಈ ಶ್ರಮ ಹೆಚ್ಚು ದಿನ ಬೇಕಾಗುತ್ತದೆ.

ನಾಯಿಯ ಔಷಧವನ್ನು ಬೆಕ್ಕಿಗೆ ಅರ್ಧ ಹಾಕುವ ರೂಢಿಯನ್ನು ಮಾತ್ರ ಯಾರೂ ಮಾಡಬಾರದು. ನಾಯಿಗಳ ಹಲವು ಔಷಧಗಳಲ್ಲಿರುವ ಪರ್ಮೆತ್ರಿನ್ ಬೆಕ್ಕಿಗೆ ನಡುಕ, ಸೆಳೆತ ತಂದು ಪ್ರಾಣವನ್ನೇ ತೆಗೆಯಬಲ್ಲದು. ಕೆಲವು ರಾಸಾಯನಿಕಗಳಿಗೆ ಗ್ಲೂಕುರಾನಿಕ್ ಆಮ್ಲವನ್ನು ಬೆಸೆದು ಹೊರಹಾಕುವ ಯಕೃತ್ತಿನ ಕಿಣ್ವ ವ್ಯವಸ್ಥೆ ಬೆಕ್ಕಿನಲ್ಲಿ ತೀರ ದುರ್ಬಲವಾಗಿದೆ. ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷವಾಗುವುದೂ ಇದರಿಂದಲೇ. ನೆಲ ಒರೆಸುವ ಫಿನಾಯಿಲ್, ಕರ್ಪೂರ, ಟೀ ಟ್ರೀ ಎಣ್ಣೆಗಳನ್ನು ಚಿಗಟದ ಮದ್ದೆಂದು ಬೆಕ್ಕಿನ ಮೈಗೆ ಸವರುವುದೂ ಅಪಾಯಕಾರಿ. ಮೈಗೆ ಹಚ್ಚಿದ್ದೆಲ್ಲವನ್ನೂ ಅದು ನೆಕ್ಕಿ ಹೊಟ್ಟೆಗೆ ಸೇರಿಸಿಕೊಳ್ಳುತ್ತದೆ.

ನುಂಗಿದ ಚಿಗಟದ ಮೂಲಕ ಡಿಪಿಲಿಡಿಯಂ ಎಂಬ ಲಾಡಿಹುಳು ಬೆಕ್ಕಿನ ಕರುಳು ಸೇರುತ್ತದೆ. ಗುದದ ಬಳಿ ಅಕ್ಕಿಕಾಳಿನಂಥ ತುಣುಕುಗಳು ಕಂಡರೆ ಜಂತುಹುಳುವಿನ ಔಷಧವೂ ಬೇಕು. ಎಲ್ಲಕ್ಕಿಂತ ಹೆಚ್ಚಿನ ಎಚ್ಚರ ಬೇಕಾದದ್ದು ಎಳೆಯ ಮರಿಗಳಿಗೆ. ಹನಿಸುವ ಔಷಧಗಳಲ್ಲಿ ಹೆಚ್ಚಿನವನ್ನು ಆರರಿಂದ ಎಂಟು ವಾರ ತುಂಬುವವರೆಗೆ ಹಾಕುವಂತಿಲ್ಲ. ಅಲ್ಲಿಯವರೆಗೆ ದಿನವೂ ಬಾಚಿ, ಸಿಕ್ಕ ಚಿಗಟಗಳನ್ನು ಸೋಪಿನ ನೀರಿಗೆ ಹಾಕುವುದೇ ದಾರಿ. ಮರಿ ಮಂಕಾಗಿ, ಅದರ ಒಸಡು ಬಿಳಿಚಿಕೊಂಡಿದ್ದರೆ ಚಿಗಟಗಳು ರಕ್ತಹೀನತೆ ಬರುವಷ್ಟು ರಕ್ತ ಹೀರಿರಬಹುದು. ಅಂಥ ಮರಿಯನ್ನು ಮರುದಿನಕ್ಕೆ ಕಾಯದೆ ಪಶುವೈದ್ಯರ ಬಳಿ ಕರೆದೊಯ್ಯಬೇಕು.