‘ಬೆಳೆಯಲಿಲ್ಲ’ ಅಂದರೆ ಫಂಗಸ್ ಇಲ್ಲ ಅಂತಲ್ಲ

ಮೊನ್ನೆ ಸಂಜೆ ಲ್ಯಾಬ್ ಮುಚ್ಚುವ ಹೊತ್ತಿಗೆ ಒಂದು ಡಬ್ಬಿ ಬಂತು. ಒಳಗೆ ಸೈನಸ್‌ನ ಬಯಾಪ್ಸಿ ತುಂಡು, ಜೊತೆಗೆ ‘ಫಂಗಲ್ ಕಲ್ಚರ್’, ಅಂದರೆ ಫಂಗಸ್ ಬೆಳೆಸಿ ನೋಡಿ, ಅಂತ ಬರೆದ ಚೀಟಿ. ಮುಚ್ಚಳ ತೆಗೆದ ಕೂಡಲೇ ಫಾರ್ಮಲಿನ್ ವಾಸನೆ ಮೂಗಿಗೆ ಬಡಿಯಿತು. ಮುಗೀತು. ಫಾರ್ಮಲಿನ್‌ಗೆ ಬಿದ್ದ ಫಂಗಸ್ ಸತ್ತೇ ಹೋಗಿರುತ್ತದೆ, ಇನ್ನು ಬೆಳೆಯುವುದೆಲ್ಲಿಂದ? ಪೆಥಾಲಜಿಗೆ ಫಾರ್ಮಲಿನ್‌ನಲ್ಲಿ, ಫಂಗಸ್ ಬೆಳೆಸುವ ನಮ್ಮ ಮೈಕ್ರೋಬಯಾಲಜಿ ಲ್ಯಾಬಿಗೆ ಸಲೈನ್‌ನಲ್ಲಿ (ಉಪ್ಪುನೀರಿನಲ್ಲಿ) ಕಳಿಸಬೇಕು. ಇಷ್ಟೇ ವಿಷಯ, ಆದರೂ ಪದೇ ಪದೇ ತಪ್ಪುತ್ತದೆ.

ತಾಜಾ ತುಂಡು ಬಂದರೂ ಅದನ್ನು ಅರೆಯುವ ಹಾಗಿಲ್ಲ. ಮ್ಯೂಕರ್, ಅಂದರೆ ‘ಬ್ಲ್ಯಾಕ್ ಫಂಗಸ್’ ಅಂತ ಹೆಸರಾದದ್ದು, ಅದರ ಎಳೆಗಳಲ್ಲಿ ಅಡ್ಡಗೋಡೆಗಳು ಇಲ್ಲವೆನ್ನುವಷ್ಟು ಕಡಿಮೆ. ಒಂದು ಕಡೆ ಒಡೆದರೆ ಒಳಗಿರುವುದೆಲ್ಲ ಸೋರಿ ಎಳೆ ಸಾಯುತ್ತದೆ. ಹಾಗಾಗಿ ಬ್ಲೇಡಿನಲ್ಲಿ ಸಣ್ಣಗೆ ಕತ್ತರಿಸಿ ಹಾಕುತ್ತೇವೆ. ಹಾಗಿದ್ದೂ ಎಷ್ಟೋ ಸಲ ಬೆಳೆಯುವುದಿಲ್ಲ.

ನನಗೆ ಜಾಸ್ತಿ ನಂಬಿಕೆ ಕೆಒಎಚ್ (ಪೊಟ್ಯಾಸಿಯಂ ಹೈಡ್ರಾಕ್ಸೈಡ್) ಹಾಕಿ ತುಂಡನ್ನು ನೇರವಾಗಿ ನೋಡುವ ಸ್ಲೈಡ್ ಮೇಲೆ. ಫಂಗಸ್ ಗೋಡೆಗೆ ಅಂಟುವ ಕ್ಯಾಲ್ಕೋಫ್ಲೋರ್ ಬಣ್ಣ ಸೇರಿಸಿ ಫ್ಲೋರೊಸೆನ್ಸ್ ಮೈಕ್ರೋಸ್ಕೋಪಿನಲ್ಲಿಟ್ಟರೆ ಎಳೆಗಳು ಹೊಳೆಯುತ್ತವೆ. ಅಗಲವಾಗಿ, ರಿಬ್ಬನ್ನಿನಂತೆ ಮಡಚಿಕೊಂಡಿದ್ದರೆ ಮ್ಯೂಕರ್ ಅನುಮಾನ. ಸಪೂರವಾಗಿ, ನಡುನಡುವೆ ಗೋಡೆಗಳಿದ್ದು 45 ಡಿಗ್ರಿಯಲ್ಲಿ ಕವಲೊಡೆದಿದ್ದರೆ ಆಸ್ಪರ್ಜಿಲಸ್ ಅನ್ನೋ ಇನ್ನೊಂದು ಫಂಗಸ್ ಇರಬಹುದು. ಇದು ಸುಮ್ನೆ ಪಾಂಡಿತ್ಯವಲ್ಲ: ಆಸ್ಪರ್ಜಿಲಸ್‌ಗೆ ಕೊಡುವ ವೊರಿಕೊನಜೋಲ್ ಔಷಧಿ ಮ್ಯೂಕರ್‌ಗೆ ನಾಟುವುದೇ ಇಲ್ಲ. ಅದಕ್ಕೇ ರಿಪೋರ್ಟ್ ಟೈಪ್ ಆಗುವ ಮೊದಲೇ ವಾರ್ಡಿಗೆ ಫೋನ್ ಮಾಡುತ್ತೇನೆ.

ರಕ್ತದಿಂದಲೇ ಬೆಳೆಸುವ ಬ್ಲಡ್ ಕಲ್ಚರ್ ಇದೆಯಲ್ಲ ಅನ್ನಬಹುದು. ಕ್ಯಾಂಡಿಡಾ ಅನ್ನೋ ಯೀಸ್ಟ್ ಥರದ ಫಂಗಸ್ ದೇಹದೊಳಗೆ ಹರಡಿದ್ದಾಗಲೂ ಈ ಪರೀಕ್ಷೆ ಹಿಡಿಯುವುದು ಸುಮಾರು ಅರ್ಧದಷ್ಟು ಕೇಸುಗಳನ್ನು ಮಾತ್ರ. ಆಸ್ಪರ್ಜಿಲಸ್ ಅದರಲ್ಲಿ ಸಿಗುವುದೇ ಅಪರೂಪ. ಕಫದ ಕಥೆ ಉಲ್ಟಾ. ಅಲ್ಲಿ ಕ್ಯಾಂಡಿಡಾ ಧಾರಾಳವಾಗಿ ಬೆಳೆಯುತ್ತದೆ, ಆದರೆ ಬಹುತೇಕ ಅದು ಬಾಯಲ್ಲಿ ಮೊದಲೇ ಇದ್ದದ್ದು, ನ್ಯುಮೋನಿಯಾಗೆ ಕಾರಣವಲ್ಲ.

ಫಂಗಸ್ ಗೋಡೆಯ ಅಂಶಗಳನ್ನು ರಕ್ತದಲ್ಲಿ ಹುಡುಕುವ ಗ್ಯಾಲಕ್ಟೊಮನ್ನಾನ್, ಬೀಟಾ-ಡಿ-ಗ್ಲುಕಾನ್ ಪರೀಕ್ಷೆಗಳು ಬೇಗ ಉತ್ತರ ಕೊಡುತ್ತವೆ ನಿಜ. ಆದರೆ ಎರಡರ ಕಣ್ಣಿಗೂ ಮ್ಯೂಕರ್ ಬೀಳುವುದಿಲ್ಲ. ಗ್ಲುಕಾನ್ ಅಂತೂ ಕೆಲವು ಡಯಾಲಿಸಿಸ್ ಫಿಲ್ಟರ್, ಸರ್ಜರಿಯಲ್ಲಿ ಬಳಸಿದ ಹತ್ತಿಬಟ್ಟೆಯಿಂದಲೂ ಪಾಸಿಟಿವ್ ಬರಬಹುದು. ಅದಕ್ಕೇ ಡಯಾಲಿಸಿಸ್ ಆಗಿದೆಯಾ, ಫಂಗಸ್ ಔಷಧಿ ಶುರುವಾಗಿದೆಯಾ ಅಂತ ಚೀಟಿಯಲ್ಲಿ ಬರೆಯಿರಿ ಎಂದು ಗೋಗರೆಯುವುದು.

ಬೆಳೆದ ಮೇಲೂ ಹೆಸರಿಡುವುದರಲ್ಲಿ ಎಡವುತ್ತೇವೆ. 2009ರಲ್ಲಿ ಜಪಾನಿನಲ್ಲಿ ಮೊದಲು ವರದಿಯಾದ ಕ್ಯಾಂಡಿಡಾ ಆರಿಸ್‌ಗೆ ಎಷ್ಟೋ ಮಶೀನುಗಳು ಬೇರೆ ಹೆಸರು ಕೊಟ್ಟವು. ಪ್ರೋಟೀನ್ ನೋಡಿ ಜಾತಿ ಗುರುತಿಸುವ ಮಾಲ್ಡಿ-ಟಾಫ್ ಮಶೀನು, ಅದರಲ್ಲೂ ಅಪ್‌ಡೇಟ್ ಆದ ಡೇಟಾಬೇಸ್ ಇದ್ದರೆ ಆ ಗೊಂದಲ ಕಡಿಮೆ.

ಅಂದ ಹಾಗೆ, ಆ ಡಬ್ಬಿ ಕಳಿಸಿದ ಸರ್ಜನ್‌ಗೆ ಅವತ್ತೇ ಫೋನ್ ಮಾಡಿದೆ. ಮರುದಿನ ಬೆಳಿಗ್ಗೆ ಸಲೈನ್‌ನಲ್ಲಿ ಹೊಸ ತುಂಡು ಬಂತು. ಅರ್ಧ ಗಂಟೆಯಲ್ಲಿ ಸ್ಲೈಡ್ ಮೇಲೆ ಅಗಲವಾದ ರಿಬ್ಬನ್‌ಗಳು ಕಂಡವು. ಕಲ್ಚರ್‌ನಲ್ಲಿ ಮಾತ್ರ ಕೊನೆಗೂ ಏನೂ ಬೆಳೆಯಲಿಲ್ಲ.