ಸರಾಸರಿ ಗಿರಾಕಿ ಅಂತ ಒಬ್ಬರು ಇರ್ತಾರಾ?

ಪ್ರಶ್ನೆ: ಇಳಕಲ್‌ನಲ್ಲಿ ನಮ್ಮದು ಸೀರೆ ಅಂಗಡಿ. ಒಬ್ಬರಿಗೆ ರೇಷ್ಮೆ ಸೆರಗೇ ಬೇಕು, ಇನ್ನೊಬ್ಬರಿಗೆ ರೇಟು ಕಮ್ಮಿ ಇದ್ದರೆ ಸಾಕು. ಎಲ್ಲರನ್ನೂ ಕೇಳಿ ಸರಾಸರಿ ತೆಗೆದರೆ ಆಗೋದಿಲ್ವಾ?

ಉತ್ತರ: ಆಗೋದಿಲ್ಲ. ಹತ್ತು ಗಿರಾಕಿಗಳು ಅಂದುಕೊಳ್ಳಿ. ಆರ್ಟ್ ಸಿಲ್ಕ್ (ಕೃತಕ ರೇಷ್ಮೆ) ಬದಲು ರೇಷ್ಮೆ ಸೆರಗು ಅಂದರೆ ಐದು ಮಂದಿ 500 ರೂಪಾಯಿ ಜಾಸ್ತಿ ಕೊಡುತ್ತಾರೆ. ಉಳಿದ ಐವರು ಒಂದು ರೂಪಾಯಿಯನ್ನೂ ಜಾಸ್ತಿ ಕೊಡುವುದಿಲ್ಲ. ಸರಾಸರಿ 250. ನೀವು 250 ಏರಿಸಿದರೂ ಕೊಳ್ಳುವವರು ಆ ಐವರೇ. ಅವರು 500 ಕೊಡಲು ತಯಾರಿದ್ದರು. ಉಳಿದವರಂತೂ ಬರಲಿಲ್ಲ. 250 ಅನ್ನುವುದು ಅಲ್ಲಿ ಯಾರ ಮನಸ್ಸಿನಲ್ಲೂ ಇರಲೇ ಇಲ್ಲ.

ಅದಕ್ಕೇ ಬೇರೆ ದಾರಿ ಇದೆ. ಎರಡೆರಡು ಸೀರೆ ಮುಂದಿಟ್ಟು ‘ಯಾವುದು ಬೇಕು’ ಅಂತ ಕೇಳುವುದು. ರೇಟು, ಸೆರಗು, ದಡಿ (ಅಂಚು) ಪ್ರತಿ ಸಲ ಬದಲಾಗಬೇಕು. ಆರಿಸಿದ್ದನ್ನು ನೋಡಿ ಯಾವ ಗುಣಕ್ಕೆ ಎಷ್ಟು ತೂಕ ಅಂತ ಲೆಕ್ಕ ಹಾಕುತ್ತಾರೆ. ಈ ಲೆಕ್ಕಕ್ಕೆ ಗಟ್ಟಿ ಬುನಾದಿ ಹಾಕಿದವರು ಅಮೆರಿಕದ ಅರ್ಥಶಾಸ್ತ್ರಜ್ಞ ಡೇನಿಯಲ್ ಮೆಕ್‌ಫ್ಯಾಡನ್. 2000ರಲ್ಲಿ ನೊಬೆಲ್ ಬಂತು. ಸ್ಯಾನ್ ಫ್ರಾನ್ಸಿಸ್ಕೋದ ಬಾರ್ಟ್ ರೈಲು ಶುರುವಾಗುವ ಮೊದಲೇ ಅವರ ತಂಡ ಕೆಲಸಕ್ಕೆ ಹೋಗಿಬರುವವರಲ್ಲಿ 6.3% ಜನ ಹತ್ತುತ್ತಾರೆ ಅಂದಿತ್ತು. ಹತ್ತಿದ್ದು 6.2%.

ಮುಂದೆ ಬಂದ ಮಿಕ್ಸ್‌ಡ್ ಲಾಜಿಟ್ ಮಾದರಿಯಲ್ಲಿ ಎಲ್ಲರಿಗೂ ಒಂದೇ ತೂಕ ಅನ್ನುವುದಿಲ್ಲ. ಒಬ್ಬೊಬ್ಬರಿಗೂ ಅವರದೇ ತೂಕ. ಆ ತೂಕಗಳು ಜನರಲ್ಲಿ ಹೇಗೆ ಹರಡಿವೆ ಅನ್ನುವುದೂ ಲೆಕ್ಕದಲ್ಲಿ ಸಿಗುತ್ತದೆ. ಒಬ್ಬರಿಂದ ಮೂರೇ ಉತ್ತರ ಬಂದು, ಮೂರರಲ್ಲೂ ಗೋಮಿ ಅನ್ನುವ ಬಗೆಯ ದಡಿಯನ್ನೇ ಆರಿಸಿದ್ದರೆ ‘ಇವರಿಗೆ ಬೇರೇನೂ ಬೇಡ’ ಅಂತ ತೀರ್ಮಾನಿಸುವುದು ಆತುರ. ಮಾದರಿ ಅವರ ಅಂದಾಜನ್ನು ಉಳಿದವರ ಕಡೆಗೆ ಸ್ವಲ್ಪ ಎಳೆಯುತ್ತದೆ. ಇಪ್ಪತ್ತು ಉತ್ತರ ಇದ್ದರೆ ಎಳೆತ ಕಮ್ಮಿ, ಅವರ ಮಾತಿಗೇ ಬೆಲೆ. ನನಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ಇಷ್ಟವಾಗುವುದು ಇದೇ.

ಇನ್ನೊಂದು ತೊಡಕಿದೆ. ಅದೇ ಜೋಡಿಯನ್ನು ಅದೇ ಅಕ್ಕನಿಗೆ ಮತ್ತೆ ತೋರಿಸಿದರೆ ಈ ಸಲ ಇನ್ನೊಂದನ್ನು ಎತ್ತಿಕೊಳ್ಳಬಹುದು. ಮನಸ್ಸು ಹೀಗೆ ಹೊಯ್ದಾಡುವುದನ್ನು ಮನಶ್ಶಾಸ್ತ್ರಜ್ಞ ಥರ್ಸ್ಟನ್ 1927ರಲ್ಲೇ ಲೆಕ್ಕಕ್ಕೆ ತಂದರು. ತಲೆಗೊಂದೇ ಪ್ರಶ್ನೆ ಕೇಳಿದರೆ ಅಭಿರುಚಿ ಬೇರೆಯೋ, ಸುಮ್ನೆ ಹೊಯ್ದಾಟವೋ ತಿಳಿಯುವುದು ಕಷ್ಟ. ಹಾಗಾಗಿ ಒಬ್ಬರನ್ನೇ ಹಲವು ಸಲ ಕೇಳಬೇಕು.

ನಿಮ್ಮ ಅಂಗಡಿಯಲ್ಲೇ ಶುರು ಮಾಡಬಹುದು. ಬರೀ ಮಾರಾಟದ ಬಿಲ್ ಸಾಲದು. ಗಿರಾಕಿ ಮುಂದೆ ಹರವಿದ್ದ ಸೀರೆಗಳಲ್ಲಿ ಯಾವುದನ್ನು ಬೇಡ ಅಂದರು, ಅದರ ರೇಟೆಷ್ಟು ಅನ್ನುವುದನ್ನೂ ಬರೆದಿಡಿ.